ಖಾಸಗಿ ಕಿಟಕಿಗೆ ಐದು ನಕ್ಷತ್ರ

ನನ್ನ ತಂಗಿಯ ಗಂಡ ರುಟ್ಗರ್ ಬಹಳ ಒಳ್ಳೆಯವನು. ಇದು ನನ್ನ ಮಾತಲ್ಲ, ಆಮರ್ಸ್‌ಫೋರ್ಟಿನಲ್ಲಿ ಅವರ ಬೀದಿಯವರ ಮಾತು. ಪಕ್ಕದ ಮನೆಯವರ ಸೈಕಲ್ ಪಂಕ್ಚರ್ ಆದರೆ ಇವನೇ ಕೂತು ತೇಪೆ ಹಾಕುತ್ತಾನೆ. ದೋಣಿ ಕ್ಲಬ್ಬಿನಲ್ಲಿ ಕೆಲಸಕ್ಕೆ ಜನ ಬೇಕೆಂದರೆ ಮೊದಲು ಏಳುವ ಕೈ ಇವನದು. ಹೆಂಡತಿಗೆ ಹೊಸ ಲ್ಯಾಪ್‌ಟಾಪ್ ತಂದು, ಅದರೊಳಗೆ ಬೇಕಾದದ್ದನ್ನೆಲ್ಲ ತಾನೇ ಹಾಕಿ, ರಿಬ್ಬನ್ ಕಟ್ಟಿ ಕೊಟ್ಟವನೂ ಇವನೇ. ಇಂಥವನ ಮೇಲೆ ದೂರು ಹೇಳಿದರೆ ಜನ ಹೇಳಿದವಳನ್ನೇ ಕೆಳಗಿನಿಂದ ಮೇಲಿನವರೆಗೆ ನೋಡುತ್ತಾರೆ. ನೋಡಲಿ. ನಾನು ಹೇಳುವವಳೇ.

ಈ ವಸಂತದಲ್ಲಿ ಅವನ ಹುಟ್ಟುಹಬ್ಬ ಬಂತು. ಹಜಾರದಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬಂದವರೆಲ್ಲ ಇಲ್ಲಿನ ರೂಢಿಯಂತೆ ರುಟ್ಗರ್‌ಗೆ, ಅವನ ಹೆಂಡತಿ ಯೋರೀನಳಿಗೆ, ಅವನ ತಾಯಿಗೆ, ಕೊನೆಗೆ ನನಗೂ ಕೈ ಕುಲುಕಿ ಅಭಿನಂದನೆ ಹೇಳಿ, ಒಂದೊಂದು ತುಂಡು ಸೇಬಿನ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಈ ದುಂಡು ಕೂಟದಲ್ಲಿ ಒಬ್ಬರು ಹೇಳಿದ್ದು ಎಲ್ಲರ ಕಿವಿಗೂ ಬೀಳಲೇಬೇಕು. ಮುಖ ಮರೆಸಿಕೊಳ್ಳಲು ಒಂದು ಮೂಲೆಯೂ ಇರುವುದಿಲ್ಲ.

"ನಮ್ಮ ಯೋರೀನ್‌ಗೆ ಈಗ ಬಾಲ್ಕನಿ ಹುಚ್ಚು ಹಿಡಿದಿದೆ," ಎಂದ ರುಟ್ಗರ್, ಕಾಫಿ ಬಗ್ಗಿಸುತ್ತ. "ಡೆವೆಂಟರ್‌ನಲ್ಲಿ, ನದಿ ಕಾಣೋ ಬಾಲ್ಕನಿ. ಒಂದೇ ಕುರ್ಚಿ ಹಿಡಿಯೋವಷ್ಟು ಚಿಕ್ಕದು!"

"ಅಯ್ಯೋ, ಆಮೇಲೆ ನೀನೆಲ್ಲಿ ಕೂತ್ಕೋತೀಯೋ?" ಎಂದಳು ಅವನ ತಾಯಿ.

"ಅದೇ ಅಮ್ಮ, ನನಗೂ ಅದೇ ಯೋಚನೆ!"

ಎಲ್ಲರೂ ನಕ್ಕರು. ಅವನೂ ನಕ್ಕ. ನಗುತ್ತಲೇ ಹೆಂಡತಿಯ ಮುಖ ನೋಡುತ್ತಿದ್ದ. ಯೋರೀನ್ ತಟ್ಟೆಯನ್ನು ಕೆಳಗಿಟ್ಟು ಎದ್ದಳು. "ಸಕ್ಕರೆ ತರ್ತೀನಿ," ಎಂದು ಅಡುಗೆಮನೆಗೆ ಹೋದಳು. ಸಕ್ಕರೆ ಮೇಜಿನ ಮೇಲೇ ಇತ್ತು. ನಾನೂ ಎದ್ದು ಹೋದೆ.

ಅವಳು ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದಳು.

"ಟೀನೆಕೆ, ನಾನು ನಿದ್ದೇಲಿ ಮಾತಾಡ್ತೀನಾ? ಚಿಕ್ಕೋರಿದ್ದಾಗ ಒಂದೇ ರೂಮಲ್ಲಿ ಮಲಗ್ತಿದ್ವಲ್ಲ. ಹೇಳೇ, ಮಾತಾಡ್ತಿದ್ನಾ?"

"ಇಲ್ವಲ್ಲೇ. ಯಾಕೆ?"

"ಮತ್ತೆ ಇವನಿಗೆ ಹೇಗೆ ಗೊತ್ತಾಯ್ತು? ಮನೆ ಹುಡುಕ್ತಿರೋದು ನಾನು ಯಾರಿಗೂ ಹೇಳಿಲ್ಲ. ನಿನಗೂ ಹೇಳಿರ್ಲಿಲ್ಲ. ಹೋಗ್ಬೇಕು ಕಣೇ ನಾನು. ಇವನು ಬೈಯಲ್ಲ, ಹೊಡೆಯಲ್ಲ. ಆದ್ರೆ ನಾನು ಯಾವ ಬೀದೀಲಿ ಎಷ್ಟು ಹೊತ್ತು ನಿಂತಿದ್ದೆ, ಯಾವ ಅಂಗಡಿಗೆ ಹೋಗಿ ಏನೂ ತಗೊಳ್ದೆ ವಾಪಸ್ ಬಂದೆ, ಎಲ್ಲಾ ನಾನು ಹೇಳೋಕ್ಕೆ ಮುಂಚೆ ಇವನೇ ಹೇಳ್ತಾನೆ. ಹೇಳಿ ನಗ್ತಾನೆ. ನನ್ನದು ಅಂತ ಒಳಗೆ ಏನೂ ಉಳಿದಿಲ್ಲ. ಇದೊಂದು ಉಳಿದಿತ್ತು. ಮನೆ ಸಿಕ್ಕಿ, ಕೀಲಿ ಕೈಗೆ ಬಂದ ಮೇಲೆ ಹೇಳೋಣ ಅಂತಿದ್ದೆ. ಮುಂಚೆ ಗೊತ್ತಾದ್ರೆ ನನ್ನ ಬಿಡಲ್ಲ. ಅತ್ತು ಕರೆದು, ಅವರಮ್ಮನ್ನ ಕರೆಸಿ, ಬೀದಿಯೋರನ್ನೆಲ್ಲ ಕೂರಿಸಿ, ನನಗೇ ತಲೆ ಕೆಟ್ಟಿದೆ ಅನ್ನಿಸ್ಬಿಡ್ತಾನೆ."

"ಎಲ್ಲಿ ಹುಡುಕ್ತಿದ್ದೆ?"

"ಲ್ಯಾಪ್‌ಟಾಪಲ್ಲೇ. ಆದ್ರೆ ಖಾಸಗಿ ಕಿಟಕೀಲಿ ಮಾತ್ರ! ಮೇರೆಲ್ ಬ್ರೌಸರಿನ ಖಾಸಗಿ ಕಿಟಕಿ, ಮುಚ್ಚಿದ್ರೆ ಏನು ನೋಡಿದ್ದು ಅಂತ ಉಳಿಯೋದೇ ಇಲ್ಲ. ನಿಮ್ಮ ಪತ್ರಿಕೆ ನೋಡೇ ಹಾಕಿಸ್ಕೊಂಡಿದ್ದು. ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ರಲ್ಲ ಅದಕ್ಕೆ?"

ಕೊಟ್ಟಿದ್ದೆವು. ನಮ್ಮದು ಯೂಟ್ರೆಖ್ಟ್‌ನ ಒಂದು ಗ್ರಾಹಕರ ಪತ್ರಿಕೆ. ಜಾಹೀರಾತಿಲ್ಲ, ಯಾರ ಹಂಗೂ ಇಲ್ಲ. ಬಟ್ಟೆ ಒಗೆಯುವ ಯಂತ್ರವಾಗಲಿ, ಮಕ್ಕಳ ಕಾರು ಸೀಟಾಗಲಿ, ಅಂಗಡಿಯಲ್ಲಿ ನಾವೇ ಕೊಂಡು, ಜಗ್ಗಿ, ಒದ್ದು, ಮುರಿದು ನೋಡಿ ನಕ್ಷತ್ರ ಹಾಕುತ್ತೇವೆ. ಬ್ರೌಸರ್‌ಗಳನ್ನು ನೋಡುವುದು ನನ್ನ ಪಾಲಿನ ಕೆಲಸ. ಈ ಸಲವೂ ಆರು ಬ್ರೌಸರ್ ಮೇಜಿನ ಮೇಲಿದ್ದವು. ಒಂದು ಜಾಹೀರಾತಿನವರ ಟ್ರ್ಯಾಕರ್‌ಗಳನ್ನೆಲ್ಲ ಬಾಗಿಲಲ್ಲೇ ತಡೆಯುತ್ತದೆ, ಆದರೆ ತಾನು ಮಾತ್ರ ನೀವು ಎಲ್ಲಿ ಹೋದಿರಿ ಎಂದು ತನ್ನನ್ನು ಮಾಡಿದ ಕಂಪನಿಗೆ ವರದಿ ಒಪ್ಪಿಸುತ್ತದೆ. ಇನ್ನೊಂದು ಯಾರಿಗೂ ಏನೂ ಹೇಳುವುದಿಲ್ಲ, ಆದರೆ ಅದರಲ್ಲಿ ತೂತು ಬಿದ್ದರೆ ಮುಚ್ಚುವಷ್ಟರಲ್ಲಿ ಕಳ್ಳ ಒಳಗೆ ಬಂದು ಊಟ ಮಾಡಿ ಹೋಗಿರುತ್ತಾನೆ. ಮೂರನೆಯದು ಪಾಸ್‌ವರ್ಡುಗಳನ್ನು ಬೀಗವೇ ಇಲ್ಲದ ಪೆಟ್ಟಿಗೆಯಲ್ಲಿ ಇಡುತ್ತದೆ. ಮೋಸದ ತಾಣಗಳ ಬಗ್ಗೆ ಒಂದು ಬ್ರೌಸರ್ ಬೊಬ್ಬೆ ಹೊಡೆದು ಎಚ್ಚರಿಸಿದರೆ ಇನ್ನೊಂದು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತದೆ. ಇವೆಲ್ಲದರ ನಡುವೆ ಮೇರೆಲ್ ಒಂದೇ ಎಲ್ಲ ಸಾಲಿನಲ್ಲೂ ಮೇಲಿತ್ತು. ಜಾಡು ಹಿಡಿಯುವ ಕುಕಿಗಳನ್ನು ಒಳಗೆ ಬಿಡದು, ಯಂತ್ರದ ಗುರುತು ಕೊಡದು, ತೂತು ಬಿದ್ದರೆ ತಕ್ಷಣ ಮುಚ್ಚುವುದು. ಖಾಸಗಿ ಕಿಟಕಿ ಮುಚ್ಚಿದ ಮೇಲೆ ಯಂತ್ರವನ್ನು ಬಿಚ್ಚಿ ಕೆದಕಿದರೂ ಒಂದು ಕುರುಹು ಸಿಗಲಿಲ್ಲ.

ಹಾಗಾಗಿ ನಾನು ತಂಗಿಗೆ ಖಂಡಿತವಾಗಿ ಹೇಳಿದೆ: "ಅದರಿಂದ ಗೊತ್ತಾಗಿರೋಕೆ ಸಾಧ್ಯವೇ ಇಲ್ಲ. ನೀನು ಯಾರ ಹತ್ರಾನೋ ಬಾಯಿ ಬಿಟ್ಟಿರ್ಬೇಕು."

ಅವಳು ನಂಬಿದಳು. ಅದಾದ ಮೇಲೆ ಕೆಲವು ರಾತ್ರಿ ಹಾಸಿಗೆ ಬಿಟ್ಟು ಸೋಫಾದ ಮೇಲೆ ಮಲಗಿದಳಂತೆ, ನಿದ್ದೆಯಲ್ಲಿ ಮಾತಾಡಿಬಿಟ್ಟರೆ ಎಂದು.

ಡೆವೆಂಟರ್‌ನ ಆ ಮನೆಯನ್ನು ನೋಡಲು ಬರುವಂತೆ ಅವಳಿಗೆ ಅದೇ ಖಾಸಗಿ ಕಿಟಕಿಯಲ್ಲಿ ದಿನ, ಹೊತ್ತು ಸಮೇತ ಕರೆ ಬಂತು. ಈಗಿನ ಕಾಲದಲ್ಲಿ ಬಾಡಿಗೆ ಮನೆಯನ್ನು ನೋಡಲು ಕರೆಯುವುದೇ ಲಾಟರಿ ಹೊಡೆದ ಹಾಗೆ. ಯೋರೀನ್ ಫಿಸಿಯೋಥೆರಪಿ ಮಾಡುವವಳು. ಆ ದಿನ ಕೆಲಸಕ್ಕೆ ರಜೆ ಹಾಕಿ, ಕೆಲಸಕ್ಕೆ ಹೋಗುವ ಬಟ್ಟೆಯಲ್ಲೇ ಹೊರಟು, ರೈಲು ಹಿಡಿದು ಹೋದಳು. ಮೆಟ್ಟಿಲು ಹತ್ತಿ ಮೇಲೆ ಹೋದರೆ ಬಾಗಿಲು ತೆರೆದಿತ್ತು. ಬಾಲ್ಕನಿಯಲ್ಲಿ ಮನೆಯೊಡತಿಯ ಜೊತೆ ರುಟ್ಗರ್ ನಿಂತಿದ್ದ, ಕೈಯಲ್ಲಿ ಟುಲಿಪ್ ಹೂವಿನ ಗುಚ್ಛ.

"ಬಾ ಬಾ! ಜೊತೇಲೇ ನೋಡೋಣ ಅಂತ ನಾನೂ ಬಂದೆ. ಚೆನ್ನಾಗಿದೆ ಕಣೆ, ಆದ್ರೆ ಇಬ್ಬರಿಗೆ ಸ್ವಲ್ಪ ಇಕ್ಕಟ್ಟು, ಅಲ್ವಾ?"

ಮನೆಯೊಡತಿಗೆ ಅವನು ಬಹಳ ಹಿಡಿಸಿದ. ಎಷ್ಟು ಒಳ್ಳೆಯ ಗಂಡ ಎಂದು ಯೋರೀನಳಿಗೇ ಹೇಳಿದಳು. ಮನೆ ಬೇರೆಯವರಿಗೆ ಹೋಯಿತು. ಹಿಂತಿರುಗುವಾಗ ಕಾರಿನಲ್ಲಿ ಅವನು ದಾರಿಯುದ್ದಕ್ಕೂ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ರೇಡಿಯೋ ಜೊತೆ ಸಿಳ್ಳೆ ಹಾಕಿಕೊಂಡು ಬಂದನಂತೆ. ಇದನ್ನು ಅವಳು ಫೋನಿನಲ್ಲಿ ಹೇಳುವಾಗ ನನ್ನ ಮೈಯೆಲ್ಲ ಉರಿದುಹೋಯಿತು. ಬೈಯುವ ಗಂಡನ ಮುಂದೆ ಎದುರು ಬೈಯಬಹುದು. ಸಿಳ್ಳೆ ಹಾಕುವವನನ್ನು ಏನು ಮಾಡುವುದು?

ಮುಂದಿನ ಶನಿವಾರ ಅವನು ದೋಣಿ ಕ್ಲಬ್ಬಿಗೆ ಹೋಗುವುದನ್ನೇ ಕಾದು ಅವಳ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಮೇರೆಲ್‌ನ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಬಿಡಿಸಿದೆ. ಪತ್ರಿಕೆಯ ಪ್ರಯೋಗಶಾಲೆಯಲ್ಲಿ ನಾನು ಎಂದೂ ಹೋಗದ ಒಂದು ಪುಟ ಅಲ್ಲಿತ್ತು. ಏಕೆಂದರೆ ನಮ್ಮಲ್ಲಿ ಪ್ರತಿ ಯಂತ್ರವನ್ನೂ ಹೊಚ್ಚ ಹೊಸದಾಗಿ, ಯಾವ ಖಾತೆಯೂ ಇಲ್ಲದೆ, ಒಬ್ಬಳೇ ಬಳಸುವ ಹಾಗೆ ಪರೀಕ್ಷಿಸುವುದು ನಿಯಮ. ಆ ಪುಟದ ಹೆಸರು 'ಕುಟುಂಬ ವಲಯ'.

ಸದಸ್ಯರು ಇಬ್ಬರು. ನಿರ್ವಾಹಕ: ರುಟ್ಗರ್. ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ: ಸದಸ್ಯರು ನೋಡಿದ ತಾಣಗಳ ಸಾರಾಂಶವನ್ನು ನಿರ್ವಾಹಕರಿಗೆ ಕಳುಹಿಸಿ, ಹೌದು. ಸದಸ್ಯರ ಯಂತ್ರ, ಫೋನು ಎಲ್ಲಿವೆ ಎಂದು ನಕ್ಷೆಯಲ್ಲಿ ತೋರಿಸಿ, ಹೌದು. ಖಾಸಗಿ ಕಿಟಕಿಯನ್ನೂ ಸೇರಿಸಿ, ಹೌದು. ಕಾರಣವನ್ನೂ ಪಕ್ಕದಲ್ಲೇ ಬರೆದಿದ್ದರು: ಮಕ್ಕಳ ಸುರಕ್ಷತೆಗಾಗಿ. ಆ ಮನೆಯಲ್ಲಿ ಮಕ್ಕಳೇ ಇಲ್ಲ.

ಯಂತ್ರದಲ್ಲಿ ಒಂದು ಕುರುಹೂ ಉಳಿಯುತ್ತಿರಲಿಲ್ಲ, ನಿಜ. ಉಳಿಯುವ ಅಗತ್ಯವೇ ಇರಲಿಲ್ಲ. ಎಲ್ಲವೂ ಗಂಡನ ಫೋನಿಗೆ ಹೋಗಿ ಸೇರುತ್ತಿತ್ತು. ಆರು ಬ್ರೌಸರ್‌ಗಳಲ್ಲಿ ಅಮೆರಿಕದ ಕಂಪನಿ ಏನು ನೋಡುತ್ತದೆ, ಜಾಹೀರಾತಿನವ ಏನು ನೋಡುತ್ತಾನೆ, ರಷ್ಯದ ಕಳ್ಳ ಏನು ನೋಡುತ್ತಾನೆ ಎಂದು ಕೂದಲು ಸೀಳಿ ಅಳೆದಿದ್ದೆವು. ಪಕ್ಕದ ಕೋಣೆಯಲ್ಲಿ ಕೂತವನು ಏನು ನೋಡುತ್ತಾನೆ ಎಂದು ಒಬ್ಬರೂ ನೋಡಿರಲಿಲ್ಲ.

"ಆರಿಸ್ಬಿಡ್ತೀನಿ ಇದನ್ನ," ಎಂದು ನಾನು ಕೈ ಹಾಕಿದೆ.

ಯೋರೀನ್ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಬೇಡ. ಇಲ್ಲಿ ನೋಡು." ಬದಲಾವಣೆ ಮಾಡಿದರೆ ನಿರ್ವಾಹಕರಿಗೆ ತಕ್ಷಣ ತಿಳಿಸಲಾಗುವುದು ಎಂದು ಅದರ ಕೆಳಗೇ ಬರೆದಿತ್ತು.

"ಹಾಗಾದ್ರೆ ಮುಟ್ಟಲೇಬೇಡ ಈ ದರಿದ್ರದ ಡಬ್ಬೀನ. ಮನೆ ನನ್ನ ಫೋನಲ್ಲಿ ಹುಡುಕೋಣ."

"ಮುಟ್ಟದೆ ಇದ್ರೂ ಅವನಿಗೆ ಗೊತ್ತಾಗುತ್ತಲ್ಲ, ಸಾರಾಂಶ ಖಾಲಿ ಬಂದ್ರೆ."

ಅಂದಿನಿಂದ ನನ್ನ ತಂಗಿ ದಿನಾ ಸಂಜೆ ಲ್ಯಾಪ್‌ಟಾಪ್ ಮುಂದೆ ಕೂತು ತನಗೆ ಬೇಡದ್ದನ್ನು ಹುಡುಕತೊಡಗಿದಳು. ಹೂವಿನ ಗೆಡ್ಡೆ, ಹೆಣಿಗೆಯ ನೂಲು, ಬಟಾಣಿ ಸೂಪು ಮಾಡುವ ಬಗೆ. ಆಗಾಗ ಖಾಸಗಿ ಕಿಟಕಿ ತೆರೆದು ಅವನಿಗೆಂದು ಉಡುಗೊರೆ ಹುಡುಕಿದಂತೆ ನಟಿಸುವಳು. ಅವನು ರಾತ್ರಿ ಊಟಕ್ಕೆ ಕೂತಾಗ "ಈ ಚಳಿಗಾಲಕ್ಕೆ ನನಗೊಂದು ಸ್ವೆಟರ್ ಬರೋ ಹಾಗಿದೆ?" ಎಂದು ಕಣ್ಣು ಮಿಟುಕಿಸುವನು. ಒಬ್ಬ ವಯಸ್ಸಿಗೆ ಬಂದ ಹೆಂಗಸು, ನಾಲ್ಕು ಜನರ ಮುರಿದ ಕೈಕಾಲು ಮತ್ತೆ ಆಡುವಂತೆ ಮಾಡಿ ಸಂಬಳ ತರುವವಳು, ತನ್ನದೇ ಮನೆಯಲ್ಲಿ ಕಾವಲುಗಾರನಿಗೆ ನಾಟಕ ಆಡುತ್ತ ಬದುಕಬೇಕೆ? ಅದೂ ನಮ್ಮ ನಕ್ಷತ್ರ ನಂಬಿ?

ಸೋಮವಾರ ಆಫೀಸಿಗೆ ಹೋದವಳೇ ನಮ್ಮ ಮುಖ್ಯಸ್ಥ ಗೆರ್ಬ್ರಾಂಡನ ಕೋಣೆಗೆ ನುಗ್ಗಿದೆ. ಹೊಸ ಸಂಚಿಕೆ ಸಿದ್ಧವಾಗುತ್ತಿತ್ತು. ಮುಖಪುಟದಲ್ಲಿ ಮೇರೆಲ್: 'ಖಾಸಗಿತನಕ್ಕೆ ಈ ಸಲವೂ ಇದೇ ಮೊದಲು.' ನಾನು ಎಲ್ಲವನ್ನೂ ಹೇಳಿದೆ, ತಂಗಿ ಎಂದು ಮಾತ್ರ ಹೇಳಲಿಲ್ಲ.

ಗೆರ್ಬ್ರಾಂಡ್ ಸಕ್ಕರೆಯಂಥ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಲಾರ. ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿ ಪೂರ್ತಿ ಕೇಳಿದ. ಕೇಳಿ ಹೇಳಿದ: "ಬೇಜಾರಿನ ವಿಷಯ ಟೀನೆಕೆ. ಆದ್ರೆ ಏನನ್ನ ಅಳೀಬೇಕು ಅಂತ ನಾವೆಲ್ಲ ಸೇರಿ ಚಳಿಗಾಲದಲ್ಲೇ ಒಪ್ಕೊಂಡಿದ್ದೀವಿ. ಈಗ ಮಧ್ಯದಲ್ಲಿ ಹೊಸ ಅಳತೆಗೋಲು ತಂದ್ರೆ ಉಳಿದ ಐದಕ್ಕೆ ಅನ್ಯಾಯ ಆಗಲ್ವಾ? ಮುಂದಿನ ವರ್ಷ ಸೇರಿಸೋಣ."

"ಮುಂದಿನ ವರ್ಷದ ತನಕ ಆ ಹೆಂಗಸು ಬಟಾಣಿ ಸೂಪು ಹುಡುಕ್ತಾ ಕೂತಿರ್ಬೇಕಾ?"

"ಒಂದು ಮನೆ ಕಥೆ ಅಳತೆ ಅನ್ನಿಸಿಕೊಳ್ಳಲ್ಲ."

"ಮಕ್ಕಳ ಸೀಟಿಂದ ಒಂದು ಮಗು ಬಿದ್ರೆ ಎರಡನೇದು ಬೀಳೋ ತನಕ ಕಾಯ್ತೀಯಾ ನೀನು?"

ಅವನು ಮುಖ ಸಪ್ಪಗೆ ಮಾಡಿಕೊಂಡ. ನಮ್ಮಲ್ಲಿ ಒಂದು ಪದ್ಧತಿ ಇದೆ. ನಕ್ಷತ್ರಗಳು ಅಚ್ಚಿಗೆ ಹೋಗುವ ಮುನ್ನ ಪರೀಕ್ಷಕರೆಲ್ಲ ಮೇಜಿನ ಸುತ್ತ ಕೂತು ಒಬ್ಬೊಬ್ಬರೇ 'ನಾನು ಇದನ್ನು ಒಪ್ಪಿಕೊಂಡು ಇರಬಲ್ಲೆ' ಎನ್ನಬೇಕು. ಮೆಚ್ಚಬೇಕೆಂದೇನಿಲ್ಲ, ಸಹಿಸಿದರೆ ಸಾಕು. ಇಷ್ಟು ವರ್ಷಗಳಲ್ಲಿ ಯಾರೂ ಇಲ್ಲವೆಂದಿರಲಿಲ್ಲ. ಇಲ್ಲವೆನ್ನುವುದು ಊಟದ ಮಧ್ಯೆ ಎದ್ದುಹೋದಷ್ಟು ಅಸಭ್ಯ. ಆ ವಾರ ಎಲ್ಲರೂ ತಲೆಯಾಡಿಸುತ್ತ ಬಂದು ನನ್ನ ಸರದಿ ಬಂದಾಗ ನಾನು "ಇಲ್ಲ" ಎಂದೆ. ಹಾಸಿಗೆಗಳನ್ನು ಪರೀಕ್ಷಿಸುವ ಪಾಪದ ಮನುಷ್ಯ ಗಾಬರಿಯಾಗಿ ನೀರು ಕುಡಿದ. ಕಾಫಿ ತರಿಸಿದರು, ಮತ್ತೆ ಕೇಳಿದರು. ಮತ್ತೆ "ಇಲ್ಲ" ಎಂದೆ. ಕೊನೆಗೆ ಮೇರೆಲ್ ಕಂಪನಿಯವರನ್ನು ಕರೆಸಿ ಅವರ ಮಾತು ಕೇಳೋಣ ಎಂದಾಯಿತು.

ಈ ನಡುವೆ ಯೋರೀನಳಿಗೆ ಒಂದು ಮನೆ ಸಿಕ್ಕಿತ್ತು. ನನ್ನ ಫೋನಿನಲ್ಲಿ ಹುಡುಕಿ, ನನ್ನ ಹೆಸರಿಗೆ ಪತ್ರ ತರಿಸಿಕೊಂಡು, ಕೀಲಿಯನ್ನೂ ನನ್ನ ಹತ್ತಿರವೇ ಇಟ್ಟಿದ್ದಳು. ರುಟ್ಗರ್ ದೋಣಿ ಪಂದ್ಯಕ್ಕೆಂದು ಊರು ಬಿಡುವ ವಾರಾಂತ್ಯದಲ್ಲಿ ಸದ್ದಿಲ್ಲದೆ ಹೋಗಿಬಿಡುವುದೆಂದು ನಿಶ್ಚಯವಾಗಿತ್ತು. ಕಂಪನಿಯವರು ಬರುವ ಸುದ್ದಿ ಹೇಳಿದಾಗ ಅವಳು "ನಾನೂ ಬರ್ತೀನಿ" ಎಂದಳು.

"ನಿನಗೇನೇ ಕೆಲಸ ಅಲ್ಲಿ? ಇನ್ನು ಸ್ವಲ್ಪ ದಿನ ತಡ್ಕೋ, ಆಯ್ತಲ್ಲ."

"ಅವರನ್ನ ಒಂದು ಮಾತು ಕೇಳ್ಬೇಕು."

ಬಂದಳು, ಲ್ಯಾಪ್‌ಟಾಪನ್ನೂ ಹೊತ್ತುಕೊಂಡು. ಅಕ್ಕನ ಆಫೀಸಿನಲ್ಲಿ ಅದಕ್ಕೇನೋ ರಿಪೇರಿ ಮಾಡಿಸಬೇಕೆಂದು ಗಂಡನಿಗೆ ಹೇಳಿ ಬಂದಿದ್ದಳು. ಅವಳಿರುವ ಜಾಗ ಅವನಿಗೆ ಹೇಗೂ ನಕ್ಷೆಯಲ್ಲಿ ಕಾಣುತ್ತದಲ್ಲ.

ಕಂಪನಿಯ ಕಡೆಯಿಂದ ಬಂದವಳ ಹೆಸರು ಎವೆಲೀನ್. ನಗುಮುಖ, ಬಿಳಿ ಶೂ, ಎಲ್ಲರಿಗೂ ಜೇನು ಬಿಸ್ಕತ್ತು ತಂದಿದ್ದಳು. ನನಗೆ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಇದು ದೋಷ ಅಲ್ಲ, ಸೌಲಭ್ಯ," ಎಂದಳು. "ಕುಟುಂಬದವರೇ ಕೇಳಿ ಕೇಳಿ ಹಾಕಿಸ್ಕೊಂಡಿರೋದು. ಖಾಸಗಿ ಕಿಟಕಿ ಅಂದ್ರೆ ಆ ಯಂತ್ರದಲ್ಲಿ ಏನೂ ಉಳಿಯಲ್ಲ ಅಂತ ಅರ್ಥ. ಆ ಮಾತನ್ನ ನಾವು ಪೂರ್ತಿ ಉಳಿಸ್ಕೊಂಡಿದ್ದೀವಿ. ನಿಮ್ಮ ಪರೀಕ್ಷೆಯೇ ಹಾಗೆ ಹೇಳುತ್ತಲ್ಲ?"

"ದೊಡ್ಡೋರ ಹೆಸರನ್ನೂ ಇದರಲ್ಲಿ ಸೇರಿಸಬಹುದಾ?" ಎಂದೆ.

"ಅವರು ಒಪ್ಪಿದ್ರೆ ಮಾತ್ರ. ಶುರುವಲ್ಲೇ 'ಒಪ್ಪಿದ್ದೇನೆ' ಅಂತ ಒತ್ತಬೇಕಾಗುತ್ತೆ."

"ಯಾರು ಒತ್ತಿದ್ದು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಗಂಡನೇ ಕೂತು ಹೆಂಡತಿ ಹೆಸರಲ್ಲಿ ಒತ್ತಿದ್ರೆ?"

"ಅದು ಅವರವರ ಮನೆ ವಿಷಯ. ನಾವು ಮನೆಯೊಳಗೆಲ್ಲ ಇಣುಕೋಕಾಗಲ್ಲ, ಖಾಸಗಿತನ ಅಂತ ಒಂದು ಇರುತ್ತಲ್ಲ."

ಖಾಸಗಿತನ! ನನ್ನ ಪಿತ್ತ ನೆತ್ತಿಗೇರಿತು. "ನಿಮ್ಮ ಮನೇಲಿ ನೀವು ಏನು ನೋಡಿದ್ರಿ ಅಂತ ನಿಮ್ಮ ಗಂಡನಿಗೆ ಹೋಗುತ್ತಾ?"

"ಇಲ್ಲ," ಎಂದಳು ಎವೆಲೀನ್, ಪ್ರಾಮಾಣಿಕವಾಗಿ. "ನಮ್ಮ ಮನೇಲಿ ನಿರ್ವಾಹಕಿ ನಾನೇ."

ಮೇಜಿನ ಸುತ್ತ ಎಲ್ಲರೂ ನಕ್ಕರು, ಅವಳೂ ನಕ್ಕಳು. ನಗದಿದ್ದವರು ನಾವಿಬ್ಬರೇ, ನಾನು ಮತ್ತು ಯೋರೀನ್.

ನಗು ಮುಗಿದ ಮೇಲೆ ಗೆರ್ಬ್ರಾಂಡ್ ತನಗೆ ಬಹಳ ಪ್ರಿಯವಾದ ಕೆಲಸ ಮಾಡಿದ, ಅಡ್ಡಗೋಡೆಯ ಮೇಲೆ ದೀಪ ಇಡುವುದು. "ಹೀಗೆ ಮಾಡೋಣ. ಮೊದಲನೇ ಸ್ಥಾನ ಹಾಗೇ ಇರ್ಲಿ. ಖಾಸಗಿ ಕಿಟಕಿ ಸಾಲಲ್ಲಿ ಅರ್ಧ ನಕ್ಷತ್ರ ಕಡಿಮೆ ಮಾಡಿ, ಕೆಳಗೊಂದು ಅಡಿಟಿಪ್ಪಣಿ ಹಾಕೋಣ. 'ಕೆಲವು ಮನೆಗಳ ಸಂದರ್ಭದಲ್ಲಿ ಅನುಭವ ಬೇರೆಯಾಗಬಹುದು.' ಟೀನೆಕೆ, ಇದನ್ನ ಒಪ್ಕೊಂಡು ಇರಬಲ್ಲೆಯಾ?"

ಎವೆಲೀನ್ ಕೂಡಲೇ ಬರೆದುಕೊಂಡಳು. ಹಾಸಿಗೆಯವನು ನೆಮ್ಮದಿಯಿಂದ ಬಿಸ್ಕತ್ತಿಗೆ ಕೈ ಹಾಕಿದ. ನಾನು ಬಾಯಿ ತೆರೆಯುವುದರೊಳಗೆ ಯೋರೀನ್ ಕೇಳಿದಳು.

"ಅರ್ಧವಾ?"

ಎಲ್ಲರೂ ಅವಳತ್ತ ತಿರುಗಿದರು. ಅಷ್ಟು ಹೊತ್ತು ಅವಳನ್ನು ಯಾರೋ ಓದುಗರ ಪ್ರತಿನಿಧಿ ಎಂದುಕೊಂಡಿದ್ದರು. ಓದುಗರು ಬಂದು ಕೂರುವುದು ನಮ್ಮಲ್ಲಿ ವಿಶೇಷವಲ್ಲ.

"ಆ ಮನೆ ನನ್ನದೇ," ಎಂದಳು. "ಕೆಲವು ಮನೆಗಳು ಅಂದ್ರಲ್ಲ, ಅದು. ನಾನು ಇವಳ ತಂಗಿ." ಲ್ಯಾಪ್‌ಟಾಪ್ ತೆರೆದು, ಆ ಪುಟ ತೆಗೆದು, ಎವೆಲೀನ್ ಕಡೆಗೆ ತಿರುಗಿಸಿದಳು. "ಈ ವಲಯದಿಂದ ನಾನು ಹೊರಗೆ ಬರ್ಬೇಕು ಅಂದ್ರೆ ಎಲ್ಲಿ ಒತ್ತಬೇಕು?"

"ಇಲ್ಲಿ, ಕೆಳಗೆ. 'ವಲಯ ಬಿಡಿ' ಅಂತ ಇದೆ ನೋಡಿ. ಯಾರ ಒಪ್ಪಿಗೆಯೂ ಬೇಕಾಗಿಲ್ಲ. ನಾವು ಬಳಸೋರ ಸ್ವಾತಂತ್ರ್ಯಕ್ಕೆ ತುಂಬಾ ಬೆಲೆ ಕೊಡ್ತೀವಿ."

"ಒತ್ತಿದ್ರೆ ಅವನಿಗೆ ಗೊತ್ತಾಗುತ್ತಾ?"

"ಹೌದು, ನಿರ್ವಾಹಕರಿಗೆ ಒಂದು ಸೂಚನೆ ಹೋಗುತ್ತೆ."

"ಎಷ್ಟು ಹೊತ್ತಿಗೆ?"

"ಆ ಕ್ಷಣವೇ," ಎಂದಳು ಎವೆಲೀನ್. ಅವಳ ದನಿ ಸ್ವಲ್ಪ ಕುಗ್ಗಿತ್ತು. "ಸುರಕ್ಷತೆ ದೃಷ್ಟಿಯಿಂದ..."

"ಯಾರ ಸುರಕ್ಷತೆ?"

ಎವೆಲೀನ್ ಬಿಸ್ಕತ್ತಿನ ಡಬ್ಬಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು.

"ಯೋರೀನ್, ಬೇಡ," ಎಂದೆ ನಾನು. ಪಂದ್ಯದ ವಾರಾಂತ್ಯಕ್ಕೆ ಇನ್ನು ಕೆಲವೇ ದಿನ ಇದ್ದವು. ಸದ್ದಿಲ್ಲದೆ ಹೋಗಬಹುದಿತ್ತು. ಅವಳ ಬಟ್ಟೆ, ಅಮ್ಮನ ಫೋಟೋಗಳು, ಎಲ್ಲ ಇನ್ನೂ ಆ ಮನೆಯಲ್ಲೇ ಇದ್ದವು. "ಇಲ್ಲಿ ಬೇಡ ಕಣೇ. ಇವರಿಗೋಸ್ಕರ ಬೇಡ."

"ಇಲ್ಲಿ ಇಷ್ಟು ಜನ ಅಳೆಯೋರು ಕೂತಿದ್ದೀರಲ್ಲ," ಎಂದಳು ಅವಳು, ನನಗಲ್ಲ, ಮೇಜಿಗೆ. "ಅಳೀರಿ."

ಒತ್ತಿದಳು. ಪರದೆಯ ಮೇಲೆ ಮೇರೆಲ್‌ನ ಚಿಹ್ನೆಯಾದ ಪುಟ್ಟ ಹಕ್ಕಿ ಬಂದು ರೆಕ್ಕೆ ಬಡಿಯಿತು. 'ಹೋಗಿ ಬನ್ನಿ, ಯೋರೀನ್!'

ಹಕ್ಕಿ ಇನ್ನೂ ಪರದೆಯ ಮೇಲಿರುವಾಗಲೇ ಅವಳ ಫೋನು ಮೇಜಿನ ಮೇಲೆ ಗುರುಗುಟ್ಟಿತು. ರುಟ್ಗರ್. ನಿಂತಿತು. ತಕ್ಷಣ ಮತ್ತೆ ಶುರುವಾಯಿತು. ಎವೆಲೀನ್ ಆ ಫೋನನ್ನು ಹಾವು ಕಂಡವಳಂತೆ ನೋಡುತ್ತಿದ್ದಳು. ಮೂರನೆಯ ಸಲ ಬಂದಾಗ ಯೋರೀನ್ ಎತ್ತಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಮಾಡಿ ಮೇಜಿನ ಮಧ್ಯದಲ್ಲಿಟ್ಟಳು.

"ಚಿನ್ನ," ಎಂದಿತು ರುಟ್ಗರನ ನಗುದನಿ. "ಏನೋ ತಪ್ಪಿ ಒತ್ತಿಬಿಟ್ಟಿದ್ದೀಯ ನೋಡು. ವಲಯದಿಂದ ಹೊರಗೆ ಹೋಗ್ಬಿಟ್ಟಿದ್ದೀಯ."

"ತಪ್ಪಿ ಒತ್ತಿದ್ದಲ್ಲ."

"ಟೀನೆಕೆ ತಲೆ ತುಂಬಿದ್ಲಾ? ಇರ್ಲಿ, ಮನೇಲಿ ಮಾತಾಡೋಣ. ನಕ್ಷೇಲಿ ನೀನು ಕಾಣ್ತಾ ಇಲ್ಲ. ಅವಳ ಆಫೀಸಲ್ಲೇ ಇದ್ದೀಯ ತಾನೆ?"

"ಇದ್ದೀನಿ. ಈಗ ಹೊರಡ್ತೀನಿ."

"ಮನೆಗೆ ಬರ್ತಿದ್ದೀಯಾ?"

"ಇಲ್ಲ."

"ಮತ್ತೆ ಎಲ್ಲಿಗೆ?" ದನಿಯಲ್ಲಿ ನಗು ಇರಲಿಲ್ಲ. "ಯೋರೀನ್, ಎಲ್ಲಿಗೆ ಹೊರಟೆ? ಕೇಳ್ತಿದ್ದೀನಲ್ಲ?"

"ಹೌದು, ಕೇಳ್ತಿದ್ದೀಯ," ಎಂದಳು ನನ್ನ ತಂಗಿ. "ಇಷ್ಟು ವರ್ಷದಲ್ಲಿ ನೀನು ನನ್ನನ್ನ ಕೇಳಿದ್ದು ಇದೇ ಮೊದಲು ರುಟ್ಗರ್. ಹೇಳಲ್ಲ."

ಫೋನು ಆರಿಸಿ ಚೀಲಕ್ಕೆ ಹಾಕಿಕೊಂಡಳು. ಲ್ಯಾಪ್‌ಟಾಪನ್ನು ಮುಟ್ಟಲಿಲ್ಲ. ಕೀಲಿಗಾಗಿ ನನ್ನ ಮುಂದೆ ಕೈ ಚಾಚಿದಳು, ಕೊಟ್ಟೆ. ಕೆಳಗೆ ಬೀದಿಯವರೆಗೂ ಅವಳ ಜೊತೆ ಹೋದೆ. ಮೂಲೆಯಲ್ಲಿ ಅವಳು ನನ್ನನ್ನು ನಿಲ್ಲಿಸಿ, ಇಲ್ಲಿಂದ ಮುಂದೆ ತಾನೊಬ್ಬಳೇ ಎಂದಳು. ತೊಟ್ಟ ಬಟ್ಟೆಯಲ್ಲಿ ಹೋದಳು. ಅಮ್ಮನ ಫೋಟೋಗಳನ್ನು ರುಟ್ಗರ್ ಇಂದಿಗೂ ಕೊಟ್ಟಿಲ್ಲ. ಕೇಳಲು ಹೋದರೆ, ಯೋರೀನ್ ಖುದ್ದಾಗಿ ಬಂದರೆ ಕಾಫಿ ಕುಡಿಸಿ ಕೊಡುತ್ತೇನೆ ಎನ್ನುತ್ತಾನೆ. ಬೀದಿಯವರು ಈಗಲೂ ಅವನನ್ನು ಒಳ್ಳೆಯವನು ಎನ್ನುತ್ತಾರೆ.

ನಾನು ಮೇಲೆ ಬಂದಾಗ ಮೇಜಿನ ಸುತ್ತ ಎಲ್ಲರೂ ಹಾಗೇ ಕೂತಿದ್ದರು. ಗೆರ್ಬ್ರಾಂಡ್ ಯಾರನ್ನೂ ಏನನ್ನೂ ಕೇಳದೆ ಎದ್ದು, ಬಿಳಿ ಹಲಗೆಯ ಮೇಲೆ ಮೇರೆಲ್‌ನ ಆ ಸಾಲಿನ ಐದೂ ನಕ್ಷತ್ರಗಳನ್ನು ಅಳಿಸಿದ. ಮುಖಪುಟ ಬದಲಾಯಿತು. ಕಂಪನಿ ಆ ಸೌಲಭ್ಯವನ್ನು 'ಮರುಪರಿಶೀಲಿಸುತ್ತಿದೆ' ಎಂದು ಉತ್ತರ ಬರೆದಿದೆ, ಅಂದರೆ ತೆಗೆದಿಲ್ಲ. ಸಹೋದ್ಯೋಗಿಗಳು ನನ್ನ ಬೆನ್ನು ತಟ್ಟಿದರು. ನನಗೆ ಆ ಕೈಗಳನ್ನು ಕೊಡವಿಕೊಳ್ಳಬೇಕೆನಿಸಿತು. ಒಬ್ಬ ಹೆಂಗಸು ತನ್ನಲ್ಲಿ ಉಳಿದಿದ್ದ ಒಂದೇ ಗುಟ್ಟನ್ನು ಅಪರಿಚಿತರ ಮೇಜಿನ ಮೇಲೆ ತಾನೇ ಒಡೆಯದೆ ಇವರಿಗೆ ಅದು ಅಳತೆ ಎನಿಸಲಿಲ್ಲ.

ಈಗ ಅವಳಿಗೊಂದು ಮನೆ ಇದೆ. ಭಾನುವಾರಗಳಲ್ಲಿ ನಾನು ಹೋಗುತ್ತೇನೆ. ಯಾವ ಊರು, ಎಷ್ಟು ದೂರ, ಬಾಲ್ಕನಿ ಇದೆಯೋ ಇಲ್ಲವೋ, ಅದನ್ನು ಇಲ್ಲಿ ಬರೆಯುವುದಿಲ್ಲ.